ಬಾಯಿ ಒಳಬಾಗಿದ ಕತ್ತಿ ಮಸೆದರೂ ಕಡಿಯುತ್ತಿಲ್ಲವೇ? ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಹತ್ತಿರ ಬಂದಾಗ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಹತ್ತಾರು ಕತ್ತಿಗಳು ಒಟ್ಟಿಗೆ ಕಲ್ಲಿಗೆ ಬೀಳುತ್ತವೆ. ನೇರ ಬಾಯಿಯ ಮಚ್ಚುಗಳದ್ದೇನೂ ತಕರಾರಿಲ್ಲ, ಬೇಗ ಮುಗಿಯುತ್ತವೆ. ಕೈಕೊಡುವುದು ಬಾಯಿ ಒಳಕ್ಕೆ ಬಾಗಿದವು: ಕೊಕ್ಕೆಗತ್ತಿ, ಕುಡುಗೋಲು, ದೋಟಿಯ ತುದಿಗೆ ಕಟ್ಟುವ ಕುಡುಗೋಲು, ಕೊಡಗಿನ ಒಡಿಕತ್ತಿಯ ಮಾದರಿಯವು, ಯಾರೋ ಪೇಟೆಯಿಂದ ತಂದ ಕುಕ್ರಿ. ಅರ್ಧ ಗಂಟೆ ಮಸೆದರೂ ಹಾಲುವಾಣದ ಎಳೆ ಕೊಂಬೆಯನ್ನೇ ಜಜ್ಜಿ ಹಾಕುತ್ತವೆ. ಕಲ್ಲು ಸರಿಯಿಲ್ಲ ಎಂದು ಹೊಸ ಕಲ್ಲು ತರುತ್ತಾರೆ, ಕಬ್ಬಿಣ ಸರಿಯಿಲ್ಲ ಎಂದು ಕಮ್ಮಾರನ ಮೇಲೆ ಹಾಕುತ್ತಾರೆ. ಬಹಳ ಸಲ ಎರಡೂ ಕಾರಣವಲ್ಲ. ಕಲ್ಲು ಬಾಯಿಗೆ ತಾಗಿಯೇ ಇರುವುದಿಲ್ಲ, ಅಷ್ಟೆ.

ಹಾಗಾಗಿ ಇಲ್ಲಿ ಮಸೆಯುವುದು ಎರಡನೆಯ ಕೆಲಸ. ಕಲ್ಲು ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಎಂದು ಕಂಡುಕೊಳ್ಳುವುದು ಮೊದಲನೆಯದು.

ಮಾತು ಗೊಂದಲವಾಗದಿರಲಿ. ಹಿಡಿಯ ಹತ್ತಿರದ್ದು ಬುಡ, ಕೊನೆಯದು ಮೂತಿ. ಕಡಿಯುವ ಅಂಚು ಬಾಯಿ, ಅದರ ಎದುರಿನ ದಪ್ಪ ಅಂಚು ಬೆನ್ನು. ಬಾಯಿ ಒಳಕ್ಕೆ ಹೋದ ಜಾಗ ಒಳಬಾಗು, ಹೊರಕ್ಕೆ ಬಂದ ಜಾಗ ಹೊಟ್ಟೆ. ಬಾಯಿಗಾಗಿ ಎರಡೂ ಕಡೆ ಇಳಿಜಾರಾಗಿ ಸವೆಸಿದ ಪಟ್ಟಿ ಓರೆ. ಓರೆ ಮುಗಿದು ಅಲಗು ಶುರುವಾಗುವ ಗೆರೆ ಹೆಗಲು. ಮಸೆದಾಗ ಬಾಯಿಯ ಆಚೆ ಬದಿಗೆ ಮಡಚಿಕೊಂಡು ಏಳುವ ತೆಳು ಲೋಹ ಸಿಬಿರು.

ಮಸೆಯುವ ಮೊದಲು ಹತ್ತು ನಿಮಿಷ

ಮೊದಲು ತೊಳೆಯಿರಿ. ಹಲಸಿನ ಮೇಣ, ಅತ್ತಿ–ಬಸರಿಯ ಹಾಲು ಬಾಯಿಯ ಮೇಲೆ ಒಣಗಿ ಕೂತರೆ ಹರಿತವಾದ ಕತ್ತಿಯೂ ಮೊಂಡಾದಂತೆ ವರ್ತಿಸುತ್ತದೆ, ಕಲ್ಲಿನ ಕಣ್ಣೂ ಕಟ್ಟಿಹೋಗುತ್ತದೆ. ಬಟ್ಟೆಗೆ ಸೀಮೆಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ. ಇಷ್ಟಕ್ಕೇ ಸರಿಹೋಗುವ ಕತ್ತಿಗಳೂ ಇವೆ.

ಆಮೇಲೆ ಬೆಳಕಿನ ಪರೀಕ್ಷೆ. ಬಾಯಿಯನ್ನು ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿದು ಬುಡದಿಂದ ಮೂತಿಯವರೆಗೆ ನಿಧಾನ ವಾಲಿಸುತ್ತಾ ನೋಡಿ. ಹರಿತವಾದ ಬಾಯಿಗೆ ದಪ್ಪವೇ ಇಲ್ಲದ್ದರಿಂದ ಬೆಳಕು ಹಿಂದಕ್ಕೆ ಬರುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಮೊಂಡಾದ ಕಡೆ ಬಿಳಿ ಗೆರೆ ಮಿನುಗುತ್ತದೆ. ಚುಕ್ಕಿಯಂತೆ ಅಲ್ಲಲ್ಲಿ ಮಿನುಗಿದರೆ ಹಲ್ಲು ಬಿದ್ದಿದೆ, ಅಂದರೆ ಬಾಯಿಯ ಚೂರು ಹಾರಿದೆ. ಒಳಬಾಗಿನಲ್ಲಿ ಮಾತ್ರ ಉದ್ದಕ್ಕೆ ಮಿನುಗಿದರೆ ಕೆಳಗಿನ ಮೊದಲ ದೋಷ. ಎಲ್ಲೂ ಮಿನುಗದೆಯೂ ಕಡಿಯದಿದ್ದರೆ ಸಮಸ್ಯೆ ಬಾಯಿಯಲ್ಲಿಲ್ಲ, ಹೆಗಲಿನಲ್ಲಿದೆ.

ಮೂರನೆಯದು ಸ್ಕೆಚ್ ಪೆನ್ನು. ಓರೆಯ ಎರಡೂ ಬದಿಗೆ ಬುಡದಿಂದ ಮೂತಿಯವರೆಗೆ ಕಪ್ಪು ಬಳಿದು, ನೀವು ಯಾವತ್ತೂ ಮಸೆಯುವ ರೀತಿಯಲ್ಲೇ ನಾಲ್ಕೈದು ಸಲ ಎಳೆಯಿರಿ. ಬಣ್ಣ ಎಲ್ಲಿ ಅಳಿಯಿತೋ ಕಲ್ಲು ಅಲ್ಲಿ ತಾಗಿದೆ. ಬಾಯಿಯ ತುದಿಯಲ್ಲಿ ಬಣ್ಣ ಉಳಿದು ಹೆಗಲಿನಲ್ಲಿ ಅಳಿದಿದ್ದರೆ ಕಲ್ಲು ತೀರಾ ಮಲಗಿದೆ. ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಅಳಿದಿದ್ದರೆ ತೀರಾ ನಿಂತಿದೆ. ಒಳಬಾಗಿನ ಎರಡು ಕೊನೆಯಲ್ಲಿ ಅಳಿದು ನಡುವೆ ಹಾಗೇ ಇದ್ದರೆ ಕಲ್ಲು ಸೇತುವೆಯ ಹಾಗೆ ಎರಡು ದಡದ ಮೇಲೆ ಕೂತಿದೆ ಎಂದರ್ಥ.

ಕೊನೆಯದು ಅರದ ಪರೀಕ್ಷೆ. ಸಣ್ಣ ಹಲ್ಲಿನ ಹೊಸ ಅರವನ್ನು ಬಾಯಿಯ ಮೇಲೆ ಹಗುರವಾಗಿ ಒಂದು ಸಲ ತಳ್ಳಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ (ಕಾಯಿಸಿ ತಣಿಸಿ ಉಕ್ಕಿಗೆ ತಂದ ಗಡಸುತನ) ಬಲು ಗಡಸು, ಇದಕ್ಕೆ ಕಲ್ಲೇ ಬೇಕು. ಸ್ವಲ್ಪ ತಡೆದು ಕಚ್ಚಿದರೆ ಸರಿಯಾದ ಹದ. ಮೊಳೆಯನ್ನು ಉಜ್ಜಿದಷ್ಟು ಸಲೀಸಾಗಿ ಪುಡಿ ಉದುರಿದರೆ ಬಾಯಿ ಮೆದು. ಬುಡ, ಒಳಬಾಗು, ಮೂತಿ, ಮೂರು ಕಡೆಯೂ ನೋಡಬೇಕು. ಒಂದು ಕಡೆ ಮಾತ್ರ ಮೆದುವಾಗಿದ್ದರೆ ಅಲ್ಲಿ ಯಾರೋ ಗ್ರೈಂಡರ್ ಹಿಡಿದು ಸುಟ್ಟಿದ್ದಾರೆ.

ದೋಷ: ಮೂತಿ ಹರಿತ, ಹೊಟ್ಟೆ ಹರಿತ, ಒಳಬಾಗು ಮಾತ್ರ ಮೊಂಡು

ನೂರರಲ್ಲಿ ಎಂಬತ್ತು ದೂರು ಇದೇ ಎಂದುಕೊಂಡರೂ ತಪ್ಪಿಲ್ಲ. ಅಗಲವಾದ ಚಪ್ಪಟೆ ಕಲ್ಲು ಒಳಬಾಗಿನ ಒಳಗೆ ಇಳಿಯಲಾರದು. ಅದರ ಎರಡು ಅಂಚು ಮಾತ್ರ ಬಾಗಿನ ದಡಕ್ಕೆ ತಾಗಿ, ನಡು ಗಾಳಿಯಲ್ಲಿ ಉಳಿಯುತ್ತದೆ. ಕೈಗೆ ಮಾತ್ರ ಕಲ್ಲು ಲೋಹವನ್ನು ತಿನ್ನುತ್ತಿರುವಂತೆಯೇ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ.

ಪರಿಹಾರದ ಸೂತ್ರ ಒಂದೇ: ಮಸೆಯುವ ವಸ್ತುವಿನ ದುಂಡು, ಬಾಗಿನ ದುಂಡಿಗಿಂತ ಚಿಕ್ಕದಾಗಿರಬೇಕು, ಆದರೆ ತೀರಾ ಚಿಕ್ಕದಾಗಬಾರದು. ಬಾಗನ್ನು ಅಳೆಯುವುದು ಕಷ್ಟವಲ್ಲ. ಸರಿಯಾಗಿ 100 ಮಿ.ಮೀ. ಉದ್ದದ ರಟ್ಟಿನ ಪಟ್ಟಿ ಕತ್ತರಿಸಿ, ಅದರ ಎರಡು ತುದಿ ಬಾಯಿಗೆ ತಾಗುವಂತೆ ಒಳಬಾಗಿನ ಮೇಲೆ ಅಡ್ಡ ಇಡಿ. ನಡುವಿನಲ್ಲಿ ರಟ್ಟಿಗೂ ಬಾಯಿಗೂ ಎಷ್ಟು ಸಂದು ಇದೆ ಎಂದು ಸ್ಕೇಲಿನಲ್ಲಿ ನೋಡಿ. ಸಂದು 5 ಮಿ.ಮೀ. ಇದ್ದರೆ ಆ ಬಾಗು ಸುಮಾರು 25 ಸೆಂ.ಮೀ. ತ್ರಿಜ್ಯದ ವೃತ್ತದ ತುಂಡು. 10 ಇದ್ದರೆ 13 ಸೆಂ.ಮೀ., 20 ಇದ್ದರೆ 7 ಸೆಂ.ಮೀ.ಗಿಂತ ತುಸು ಹೆಚ್ಚು. ಮಸೆಯುವ ವಸ್ತುವಿನ ತ್ರಿಜ್ಯ ಇದರ ಅರ್ಧದ ಆಸುಪಾಸಿನಲ್ಲಿದ್ದರೆ ಕೆಲಸ ಸುಗಮ.

ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ತೋಟದ ಮನೆಯಲ್ಲಿ ಪಿವಿಸಿ ಪೈಪಿನ ತುಂಡುಗಳಿಗೆ ಬರವಿಲ್ಲ. ಪೈಪಿನ ಮೇಲೆ ಬರೆದ ಅಳತೆ ಮಿ.ಮೀ. ಲೆಕ್ಕದ ಹೊರವ್ಯಾಸ. 13 ಸೆಂ.ಮೀ. ತ್ರಿಜ್ಯದ ಕತ್ತಿಬಾಗಿಗೆ 110ರ ಪೈಪು, 7 ಸೆಂ.ಮೀ.ಯ ಕುಡುಗೋಲಿಗೆ 75ರದ್ದು, ಕೊಕ್ಕಿನ ಒಳಮೂಲೆಗೆ 25 ಅಥವಾ 32ರದ್ದು. ಒಂದು ಅಡಿ ಉದ್ದದ ತುಂಡಿಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಸುತ್ತಿ ಎರಡು ಕೊನೆಗೆ ಟೇಪ್ ಬಿಗಿದರೆ ಸಾಕು. ಮೊಂಡು ಹೆಚ್ಚಿದ್ದರೆ 180 ನಂಬರಿನ ಪೇಪರು (ನಂಬರು ಏರಿದಷ್ಟೂ ಪೇಪರು ನಯ), ಇಲ್ಲವಾದರೆ 220ರಿಂದ ಶುರು ಮಾಡಿ, 400ಕ್ಕೆ ಹೋಗಿ. ಮರ ಕಡಿಯುವ ಕತ್ತಿಗೆ ಅಲ್ಲಿಗೇ ನಿಲ್ಲಿಸಬಹುದು. ಹುಲ್ಲು ಕೊಯ್ಯುವ ಕುಡುಗೋಲಿಗೆ 800. ಪೇಪರನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಬೇಕು. ಎದುರು ಎಳೆದರೆ ಬಾಯಿ ಪೇಪರನ್ನೇ ಸೀಳುತ್ತದೆ.

ಕಲ್ಲೇ ಬೇಕೆನ್ನುವವರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದೋಣಿಯಾಕಾರದ ಕಲ್ಲು ಎಲ್ಲಕ್ಕಿಂತ ಒಳ್ಳೆಯದು. ನಡು ದಪ್ಪ, ಎರಡು ಕೊನೆ ಸಪೂರ, ಅಂಚು ದುಂಡು. ಅದು ಇರುವುದೇ ಕುಡುಗೋಲಿಗೆಂದು. ಸಿಗದಿದ್ದರೆ ಮನೆಯಲ್ಲಿ ಮುರಿದು ಬಿದ್ದ ಚೌಕ ಕಲ್ಲಿನ ಉದ್ದನೆಯ ಒಂದು ಮೂಲೆಯನ್ನು ಸಿಮೆಂಟ್ ಕಟ್ಟೆಯ ಮೇಲೆ ಮರಳು, ನೀರು ಹಾಕಿ ಹೊರಳಿಸುತ್ತಾ ಉಜ್ಜಿ ದುಂಡು ಮಾಡಿಕೊಳ್ಳಿ. ಮೂಲೆಯನ್ನು ದುಂಡು ಮಾಡದೆ ಹಾಗೇ ಬಳಸಿದರೆ ಅದು ಬಾಯಿಯಲ್ಲಿ ಕಾಲುವೆ ಕೊರೆಯುತ್ತದೆ.

ಇನ್ನೊಂದು ಅಭ್ಯಾಸ ಬಿಡಬೇಕು: ಕಲ್ಲನ್ನು ನೆಲಕ್ಕಿಟ್ಟು ಕತ್ತಿಯನ್ನು ಎಳೆಯುವುದು. ಬಾಗಿದ ಕತ್ತಿಗೆ ಇದು ಉಲ್ಟಾ. ಕತ್ತಿಯನ್ನು ಹಲಗೆಗೆ ಜಿ ಕ್ಲ್ಯಾಂಪ್ ಹಾಕಿ ಕೂರಿಸಿ, ಬಾಯಿ ಹಲಗೆಯಿಂದ ಎರಡು ಬೆರಳು ಹೊರಗಿರಲಿ, ಕಲ್ಲನ್ನು ಓಡಿಸಿ. ಒಂದೊಂದು ಎಳೆತವೂ ಬಾಯಿಗೆ ಅಡ್ಡವಾಗಿ ಹೋಗುತ್ತಲೇ ಬುಡದಿಂದ ಮೂತಿಯ ಕಡೆಗೆ ಮೂರು ನಾಲ್ಕು ಬೆರಳು ಸರಿಯಬೇಕು. ಒಂದೇ ಜಾಗದಲ್ಲಿ ನಿಂತು ಹಿಂದೆ ಮುಂದೆ ಉಜ್ಜಿದರೆ ಹೊಂಡ ಗ್ಯಾರಂಟಿ.

ಕೋನದ ಲೆಕ್ಕ, ಅದು ಒಳಬಾಗಿನಲ್ಲಿ ತಪ್ಪುವ ಬಗೆ

ನೇರ ಕತ್ತಿಗೆ ಹೇಳುವ ‘ಬೆನ್ನನ್ನು ಇಷ್ಟು ಎತ್ತಿ ಹಿಡಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಲಗಿನ ಅಗಲ 50 ಮಿ.ಮೀ. ಇರುವಲ್ಲಿ ಬೆನ್ನನ್ನು 17 ಮಿ.ಮೀ. ಎತ್ತಿದರೆ 20 ಡಿಗ್ರಿ ಸಿಗುತ್ತದೆ. ಅದೇ 17 ಮಿ.ಮೀ. ಎತ್ತರದಲ್ಲಿ, ಅಲಗು 38 ಮಿ.ಮೀ.ಗೆ ಕಿರಿದಾಗುವ ಒಳಬಾಗಿನಲ್ಲಿ ಕೋನ 27 ಡಿಗ್ರಿ ಹತ್ತಿರ ಹೋಗುತ್ತದೆ, 62 ಮಿ.ಮೀ. ಅಗಲದ ಹೊಟ್ಟೆಯಲ್ಲಿ 16ಕ್ಕೆ ಇಳಿಯುತ್ತದೆ. ಕೈ ಅಲುಗಿಸದೆ ಒಂದೇ ಎತ್ತರದಲ್ಲಿ ಎಳೆದ ಕತ್ತಿಗೆ ಮೂರು ಕಡೆ ಮೂರು ಕೋನ ಬರುವುದು ಹೀಗೆ. ಹೊಟ್ಟೆ ತೆಳುವಾಗಿ ಬೇಗ ಮಡಚುತ್ತದೆ, ಒಳಬಾಗು ದಪ್ಪಗಾಗಿ ಕಚ್ಚುವುದಿಲ್ಲ.

ಎತ್ತರ ಬಿಟ್ಟು ಕೋನವನ್ನೇ ನೋಡಿ. ವೃತ್ತಪತ್ರಿಕೆಯ ಮೂಲೆ 90 ಡಿಗ್ರಿ. ಒಮ್ಮೆ ಕರ್ಣಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22ರಿಂದ 23. ಈ ಮೊನೆಯನ್ನು ಅಲಗಿಗೂ ಕಲ್ಲಿಗೂ ನಡುವೆ ಇಟ್ಟು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಕಾಡು ಸವರುವ, ಚಿಗುರು ತೆಗೆಯುವ ಹಗುರ ಕತ್ತಿಗೆ ಬದಿಗೆ 20 ಸಾಕು. ಸಿಲ್ವರ್ ಓಕ್ ಕೊಂಬೆ, ಒಣಗಿದ ಕಾಫಿ ಬೊಡ್ಡೆ ಕಡಿಯುವುದಕ್ಕೆ 25ರಿಂದ 30. ಒಂದೇ ಕತ್ತಿಯಲ್ಲಿ ಎರಡೂ ಕೆಲಸ ಮಾಡಿಸುವವರು ಒಳಬಾಗನ್ನು 20ಕ್ಕೆ, ಹೊಟ್ಟೆಯನ್ನು 27ಕ್ಕೆ ಇಡಬಹುದು. ಎಳೆದು ಕೊಯ್ಯುವುದು ಒಳಬಾಗು, ಬೀಸಿ ಕಡಿಯುವುದು ಹೊಟ್ಟೆ.

ದೋಷ: ಬಾಯಿ ಅಲೆಅಲೆಯಾಗಿದೆ, ಬುಡದಲ್ಲಿ ಹೊಂಡ ಬಿದ್ದಿದೆ

ಬಾಯಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಂದೂಕಿನ ಗುರಿ ನೋಡಿದಂತೆ ನೋಡಿದರೆ ಗೊತ್ತಾಗುತ್ತದೆ. ಅಲೆಗೆ ಕಾರಣ ಎರಡು. ಒಂದು, ಚೈನ್‌ಸಾ ಚೈನಿಗೆಂದು ತಂದ 4 ಅಥವಾ 4.8 ಮಿ.ಮೀ. ದುಂಡು ಅರದಿಂದ ಕುಡುಗೋಲು ಉಜ್ಜುವುದು. ಒಳಬಾಗಿನಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಅನೇಕರು ಹೀಗೆ ಮಾಡುತ್ತಾರೆ. ಅದು ಕೂರುವುದಿಲ್ಲ, ಕೊರೆಯುತ್ತದೆ. ಎರಡು, ನಾಲ್ಕು ಇಂಚಿನ ಆಂಗಲ್ ಗ್ರೈಂಡರ್. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಬಿಲ್ಲೆ ಅರೆ ಸೆಕೆಂಡ್ ನಿಂತಲ್ಲಿ ಗುಳಿ ತೋಡುತ್ತದೆ.

ಬುಡದ ಹೊಂಡದ ಕಾರಣ ಬೇರೆ. ಪ್ರತಿ ಎಳೆತವೂ ಅಲ್ಲಿಂದಲೇ ಶುರುವಾಗುತ್ತದೆ, ಶುರುವಿನಲ್ಲಿ ಕೈಯ ಭಾರ ಹೆಚ್ಚು. ವರ್ಷಗಟ್ಟಲೆ ಹೀಗಾದರೆ ಬುಡ ತಿಂದುಹೋಗಿ, ಇಲ್ಲದ ಇನ್ನೊಂದು ಒಳಬಾಗು ಹುಟ್ಟುತ್ತದೆ.

ಸರಿಪಡಿಸಲು 10 ಇಂಚಿನ ಅರ್ಧಚಂದ್ರ ಅರ ಬೇಕು: ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಒಳಬಾಗಿಗೆ ಉಬ್ಬು ಮುಖ, ಹೊಟ್ಟೆಗೆ ಚಪ್ಪಟೆ ಮುಖ. ಮೊದಲು ಓರೆಯನ್ನು ಮರೆತು, ಅರವನ್ನು ಬಾಯಿಗೆ ಲಂಬವಾಗಿ ಹಿಡಿದು ಉದ್ದಕ್ಕೂ ಉಜ್ಜಿ ಅಲೆಯ ಗುಡ್ಡಗಳನ್ನು ತಗ್ಗಿಸಿ. ಬಾಯಿ ಪೂರ್ತಿ ಮೊಂಡಾಗುತ್ತದೆ, ಹೆದರಬೇಡಿ. ಬಾಗಿನ ಗೆರೆ ಒಂದೇ ಓಟದಲ್ಲಿ ಬಂದ ಮೇಲೆ ಓರೆ ಕಟ್ಟಿ. ಅರ ತಿನ್ನುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ಬರುವಾಗ ಎತ್ತಿಬಿಡಿ, ಇಲ್ಲದಿದ್ದರೆ ಹಲ್ಲು ಸಾಯುತ್ತದೆ. ಸೀಮೆಸುಣ್ಣ ಸವರಿಕೊಂಡರೆ ಲೋಹದ ಪುಡಿ ಹಲ್ಲಿನ ಸಂದಿಗೆ ಕಚ್ಚುವುದಿಲ್ಲ. ಬಾಯಿಯಿಂದ ಬೆನ್ನಿನ ಕಡೆಗೆ ತಳ್ಳಿದರೆ ಸಿಬಿರು ಕಡಿಮೆ, ಆದರೆ ಜಾರಿದರೆ ಬೆರಳು ನೇರ ಬಾಯಿಗೆ. ಚರ್ಮದ ಗ್ಲೌಸ್ ಮತ್ತು ಅರಕ್ಕೆ ಮರದ ಹಿಡಿ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ದೋಷ: ಬೆಳಿಗ್ಗೆ ಹರಿತ, ಹತ್ತು ಗಂಟೆಗೆ ಮೊಂಡು

ಇಲ್ಲಿ ಮೂರು ಶಂಕಿತರು. ಸಿಬಿರು, ಸುಟ್ಟ ಬಾಯಿ, ಕಡಿದ ವಸ್ತು.

ಮೊದಲು ಸಿಬಿರನ್ನು ಹಿಡಿಯಿರಿ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯಾಚೆಗೆ ಸವರಿದಾಗ ಒಂದು ಬದಿಯಲ್ಲಿ ಕೊಕ್ಕೆಯಂತೆ ತಡೆದರೆ ಅದೇ. (ಬಾಯಿಯ ಉದ್ದಕ್ಕೆ ಬೆರಳು ಓಡಿಸಬೇಡಿ.) ಸಿಬಿರು ಇರುವಾಗ ಕತ್ತಿ ಕೂದಲನ್ನೂ ಬೋಳಿಸೀತು, ಮೊದಲ ಹತ್ತು ಏಟಿಗೆ ಅದು ಮಡಚಿ ಬಾಯಿಯ ಮೇಲೆಯೇ ಮಲಗುತ್ತದೆ. ಚಪ್ಪಟೆ ಬೆಲ್ಟಿನ ಮೇಲೆ ಎಳೆದರೆ ಹೊಟ್ಟೆಯ ಸಿಬಿರು ಹೋಗುತ್ತದೆ, ಒಳಬಾಗಿನದು ಅಲ್ಲೇ ಉಳಿಯುತ್ತದೆ. ಕಾರಣ ಮತ್ತೆ ಅದೇ: ತಾಗುವುದಿಲ್ಲ. ಹಳೆಯ ಚರ್ಮದ ಬೆಲ್ಟನ್ನು ಅದೇ ಪೈಪಿಗೆ ಸುತ್ತಿ, ಬೆನ್ನಿನಿಂದ ಬಾಯಿಯ ಕಡೆಗೆ ಬದಿಗೆ ಹತ್ತರಂತೆ, ಭಾರ ಕಡಿಮೆ ಮಾಡುತ್ತಾ ಎಳೆಯಿರಿ. ಹೋಗದಿದ್ದರೆ 400ರ ಪೇಪರಿನಲ್ಲಿ ಒಮ್ಮೆ ಈ ಬದಿ, ಒಮ್ಮೆ ಆ ಬದಿ, ಹೂವಿನಷ್ಟು ಹಗುರ.

ಸುಟ್ಟ ಬಾಯಿಯ ಗುರುತು ಬಣ್ಣ. ಉಕ್ಕು ಬಿಸಿಯೇರುವಾಗ 220 ಡಿಗ್ರಿ ಸೆಲ್ಸಿಯಸ್ ಹತ್ತಿರ ತಿಳಿ ಹುಲ್ಲಿನ ಬಣ್ಣ, 260ರ ಆಸುಪಾಸು ಕಂದು, 280ಕ್ಕೆ ನೇರಳೆ, 300 ದಾಟುವಾಗ ನೀಲಿ. ನಮ್ಮ ಕಡೆ ಕತ್ತಿಗಳು ಹೆಚ್ಚಾಗಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಹುಟ್ಟಿದವು. ಕುಲುಮೆಯಲ್ಲಿ ಬಾಯಿಗೆ ಹದ ಕೊಟ್ಟದ್ದು ನೀಲಿ ಬಣ್ಣಕ್ಕಿಂತ ಕೆಳಗೆ. ಗ್ರೈಂಡರಿನಲ್ಲಿ ಬಾಯಿ ನೀಲಿಯಾಯಿತೆಂದರೆ ಆ ಹದ ಇಳಿದುಹೋಯಿತು. ನೀಲಿಯನ್ನು ಪೇಪರಿನಲ್ಲಿ ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಮೆದು ಹೋಗುವುದಿಲ್ಲ. ಅಂಗಡಿಯಿಂದ ಫಳಫಳ ಹೊಳೆಯುತ್ತಾ ಬಂದ ಕತ್ತಿಯನ್ನು ಅರದಿಂದ ಪರೀಕ್ಷಿಸಬೇಕಾದ್ದು ಇದಕ್ಕೇ. ಅರ ಮತ್ತೆ ತಡೆದು ಕಚ್ಚುವ ತನಕ, ಸಾಮಾನ್ಯವಾಗಿ ಒಂದೆರಡು ಮಿ.ಮೀ., ಮೆದು ಭಾಗವನ್ನು ಕೈಯಲ್ಲೇ ಸವೆಸಿ. ಒಳಬಾಗಿನಲ್ಲಿ ಅಲಗು ಕಿರಿದು, ಬಿಸಿ ಹರಿದುಹೋಗಲು ಜಾಗ ಕಡಿಮೆ, ಆದ್ದರಿಂದ ಮೊದಲು ಸುಡುವುದೂ ಅದೇ. ಗ್ರೈಂಡರ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಎರಡು ಓಟಕ್ಕೊಮ್ಮೆ ನೀರಿಗೆ ಅದ್ದಿ. ಬಾಯಿಯ ಹತ್ತಿರ ಬೆರಳು ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸಿಬಿರೂ ಇಲ್ಲ, ಸುಟ್ಟೂ ಇಲ್ಲ ಎಂದರೆ ಏನು ಕಡಿದರು ಎಂದು ಕೇಳಿ. ಬಿದಿರಿನಲ್ಲಿ, ರಾಗಿ ಹುಲ್ಲಿನಲ್ಲಿ ಸಿಲಿಕಾ ಇದೆ, ಅದು ಬಾಯಿಯನ್ನು ಸಣ್ಣಗೆ ತಿನ್ನುತ್ತದೆ. ಮಳೆಗಾಲದ ಮರಕ್ಕೆ ಹಬ್ಬಿದ ಪಾಚಿಯೊಳಗೆ ಮಣ್ಣು ಕೂತಿರುತ್ತದೆ. ಇದು ದೋಷವಲ್ಲ, ಸವೆತ. ಹೊತ್ತಿಗೆ ಎರಡು ಸಲ ದೋಣಿಕಲ್ಲಿನಲ್ಲಿ ಹತ್ತು ಎಳೆತ ಕೊಟ್ಟರೆ ದಿನ ಕಳೆಯುತ್ತದೆ.

ದೋಷ: ಕಾಗದ ಕೊಯ್ಯುತ್ತದೆ, ಕೊಂಬೆಗೆ ಇಳಿಯುವುದಿಲ್ಲ

ಬಾಯಿ ಸರಿ ಇದೆ, ಹೆಗಲು ದಪ್ಪವಾಗಿದೆ. ಪ್ರತಿ ಸಲ ಬಾಯಿಯ ತುದಿಯನ್ನಷ್ಟೇ ಮಸೆಯುತ್ತಾ ಬಂದರೆ ಬಾಯಿ ಹಿಂದೆ ಸರಿದು ಅಲಗಿನ ದಪ್ಪ ಭಾಗಕ್ಕೆ ಬಂದು ನಿಲ್ಲುತ್ತದೆ. ಒಳಬಾಗಿನಲ್ಲಿ ಇದು ಬೇಗ ಆಗುತ್ತದೆ. ಮಸೆಯುವ ವಸ್ತುವನ್ನು 12ರಿಂದ 15 ಡಿಗ್ರಿಗೆ ಮಲಗಿಸಿ ಹೆಗಲನ್ನು ಮಾತ್ರ ಇಳಿಸಿ, ಬಾಯಿಗೆ ಬಣ್ಣ ಬಳಿದು ಅದು ಅಳಿಯದಂತೆ ನೋಡಿಕೊಳ್ಳಿ. ಪೈಪಿಗೂ ಪೇಪರಿಗೂ ನಡುವೆ ಟೈರ್ ಟ್ಯೂಬಿನ ತುಂಡು ಸುತ್ತಿದರೆ ಹೆಗಲಿನ ಮೂಲೆ ತಾನಾಗಿ ದುಂಡಾಗುತ್ತದೆ, ಹಸಿ ಮರದಲ್ಲಿ ಕತ್ತಿ ಸಿಕ್ಕಿಕೊಳ್ಳುವುದೂ ಕಡಿಮೆಯಾಗುತ್ತದೆ.

ದೋಷ: ಬಾಯಿ ಮಡಚುತ್ತದೆ ಅಥವಾ ಹಲ್ಲು ಉದುರುತ್ತದೆ

ಮಡಚಿದರೆ ಕೋನ ತೆಳು ಅಥವಾ ಹದ ಮೆದು. ಉದುರಿದರೆ ಕೋನ ತೆಳು ಅಥವಾ ಹದ ಗಡಸು. ಎರಡರಲ್ಲೂ ಮೊದಲು ಕೋನವನ್ನು 5 ಡಿಗ್ರಿ ಏರಿಸಿ ಒಂದು ದಿನ ದುಡಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಕುಲುಮೆ.

ಕುಡುಗೋಲಿನದ್ದೇ ಆದ ತಕರಾರು

ಹುಲ್ಲನ್ನು ಕೊಯ್ಯದೆ ಬೇರು ಸಮೇತ ಎಳೆಯುತ್ತಿದೆ ಎಂದರೆ, ಒಂದೇ ಬದಿ ಓರೆ ಇರುವ ಕುಡುಗೋಲನ್ನು ಎರಡೂ ಬದಿ ಮಸೆದಿರುತ್ತಾರೆ. ಓರೆಯ ಬದಿಯನ್ನು ಪೈಪಿನಲ್ಲಿ ಮಸೆಯಿರಿ. ಚಪ್ಪಟೆ ಬದಿಗೆ ಕಲ್ಲನ್ನು ಪೂರ್ತಿ ಮಲಗಿಸಿ ಸಿಬಿರು ತೆಗೆಯುವಷ್ಟು ಎರಡು ಎಳೆತ, ಅಷ್ಟೇ.

ಹಾಸನದ ಬಯಲುಸೀಮೆ ಕಡೆ ರಾಗಿ ಕೊಯ್ಲಿಗೆ ಬಳಸುವ ಹಲ್ಲಿನ ಕುಡುಗೋಲಿಗೆ ಒಂದು ಮುಖದಲ್ಲಿ ಓರೆಯಾದ ಗೆರೆಗಳಿರುತ್ತವೆ. ಆ ಮುಖವನ್ನು ಮುಟ್ಟಬೇಡಿ. ಗೆರೆ ಇಲ್ಲದ ಮುಖವನ್ನು ಮಾತ್ರ ಮಸೆದರೆ ಹಲ್ಲು ತಾನಾಗಿ ಚೂಪಾಗಿ ಹೊರಬರುತ್ತದೆ. ಗೆರೆಯ ಆಳವೇ ಸವೆದು ಹೋಗಿದ್ದರೆ ಹೊಸದು ತನ್ನಿ.

ದೋಟಿ ಕುಡುಗೋಲಿನ ಕೊಕ್ಕು ಎಳೆತಕ್ಕೆ ಕೊಯ್ಯುತ್ತದೆ, ಏಟಿಗೆ ಅಲ್ಲ. ಅದರ ಒಳಮೂಲೆಯ ಒಂದೆರಡು ಇಂಚು ಹರಿತವಿದ್ದರೆ ಸಾಕು, ಹೊರಮೈ ಮಸೆದು ದಣಿಯುವುದು ವ್ಯರ್ಥ. ಗಿಡ ಕಸಿಯ (ಕಾಫಿ ಗಿಡದ ಕೊಂಬೆ ಸವರುವ) ಕತ್ತರಿಯಲ್ಲೂ ಬಾಗಿದ ಅಲಗಿನ ಓರೆ ಬದಿ ಮಾತ್ರ ಮಸೆಯಬೇಕು. ಎರಡು ಅಲಗು ಒಂದಕ್ಕೊಂದು ಉಜ್ಜುವ ಮುಖಕ್ಕೆ ಓರೆ ಬಿದ್ದರೆ ನಡುವೆ ಸಂದಾಗಿ ಸಿಪ್ಪೆ ಸಿಕ್ಕಿಕೊಳ್ಳುತ್ತದೆ.

ದೋಷ: ಬಾಗೇ ಮಾಯವಾಗಿದೆ

ಚಪ್ಪಟೆ ಕಲ್ಲಿನಲ್ಲಿ ವರ್ಷಾನುಗಟ್ಟಲೆ ಮಸೆದ ಕೊಕ್ಕೆಗತ್ತಿಯ ಗತಿ ಇದು. ಕಲ್ಲು ಬಾಗಿನ ಎರಡು ದಡವನ್ನೇ ತಿನ್ನುತ್ತಾ ಬಂದು ನಡುವನ್ನು ತಲುಪುತ್ತದೆ. ಒಂದು ದಿನ ಇಡೀ ಬಾಯಿ ಕಲ್ಲಿಗೆ ತಾಗುತ್ತದೆ, ಆದರೆ ಅಷ್ಟರಲ್ಲಿ ಅದು ನೇರ ಮಚ್ಚಾಗಿರುತ್ತದೆ. ಕೊಂಬೆ ಹಿಡಿದೆಳೆಯುವ ಗುಣ ಹೋಯಿತು.

ಹೊಸ ಕತ್ತಿ ತಂದ ದಿನವೇ ರಟ್ಟಿನ ಮೇಲಿಟ್ಟು ಬಾಯಿಯ ಗೆರೆ ಎಳೆದು ಕತ್ತರಿಸಿ, ಅಟ್ಟದಲ್ಲಿ ನೇತು ಹಾಕಿ. ಪ್ರತಿ ಮರಗಸಿಗೆ ಮುಂಚೆ ಕತ್ತಿಯನ್ನು ಅದಕ್ಕೆ ಹಿಡಿದು ನೋಡಿ. ಒಳಬಾಗಿನ ನಡುವೆ ತಾಗಿಸಿದಾಗ ಎರಡು ಕೊನೆಯಲ್ಲಿ 2 ಮಿ.ಮೀ. ವರೆಗೆ ಸಂದು ಕಂಡರೆ ಅರ್ಧಚಂದ್ರ ಅರದಲ್ಲಿ ನಡುವನ್ನು ಇಳಿಸಿ ಸರಿ ಮಾಡಬಹುದು. 5 ದಾಟಿದರೆ ಅರ ಹಿಡಿಯುವುದು ದಂಡ, ಅಲಗಿನ ಅಗಲವೇ ಸಾಲದು. ಆಗ ರಟ್ಟನ್ನೂ ಕತ್ತಿಯನ್ನೂ ಕುಲುಮೆಗೆ ಒಯ್ದು ಮೂರು ಮಾತು ಹೇಳಿ: ಬಾಗನ್ನು ಕಾಯಿಸಿ ಬಡಿದು ತರಬೇಕೇ ಹೊರತು ಗ್ರೈಂಡರಿನಲ್ಲಿ ಕೊರೆದು ತರಬಾರದು, ಬಡಿದ ಮೇಲೆ ಹದ ಮತ್ತೆ ಕೊಡಬೇಕು, ಓರೆ ಕಟ್ಟಬೇಡ, ಅದನ್ನು ಮನೆಯಲ್ಲಿ ಮಾಡಿಕೊಳ್ಳುತ್ತೇವೆ.